ಶೀತನಾಡಿನ ಮನೆತೋಟದಲ್ಲಿ ಹೂದಾನಿಯ ಹೂಗಳು

ದಂಟು ಸಮೇತ ಕತ್ತರಿಸಿ, ನೀರಿನಲ್ಲಿ ನಿಲ್ಲಿಸಿ ನೋಡುವುದಕ್ಕೆಂದೇ ಬೆಳೆಸುವ ಹೂಗಳನ್ನು ಕಟ್ ಫ್ಲವರ್ ಎನ್ನುತ್ತಾರೆ. ಮಾಲೆಗೆ, ಪೂಜೆಗೆ ಬಿಡಿಸುವ ಬಿಡಿಹೂವಿನಲ್ಲಿ ದಂಟಿಗೆ ಬೆಲೆಯಿಲ್ಲ. ಹೂದಾನಿಯ ಹೂವಿನಲ್ಲಿ ದಂಟಿನ ಉದ್ದ, ಅದರ ಗಡಸು, ನೀರೆಳೆಯುವ ಶಕ್ತಿ ಇವೇ ಮುಖ್ಯ. ಬಣ್ಣ, ಪರಿಮಳ ಆಮೇಲಿನ ಮಾತು. ವರ್ಷದಲ್ಲಿ ನಾಲ್ಕೈದು ತಿಂಗಳು ನೆಲ ಹೆಪ್ಪುಗಟ್ಟುವ ಉತ್ತರ ಅಮೆರಿಕ, ಉತ್ತರ ಯೂರೋಪಿನ ಊರುಗಳಲ್ಲಿ ಮನೆಯ ಹಿಂದಿನ ಒಂದೆರಡು ಮಡಿಗಳಲ್ಲಿ ಇಂಥ ಹೂ ಬೆಳೆಯುವುದು ಹಳೆಯ ರೂಢಿ. ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಇದಕ್ಕೆ ತರಕಾರಿ ತೋಟದ ಮಗ್ಗುಲಲ್ಲಿ ಬೇರೆಯೇ ಜಾಗವಿರುತ್ತಿತ್ತು. ಅಂಗಳದ ಅಲಂಕಾರದ ಸಾಲಿನಿಂದ ಹೂ ಕೊಯ್ದರೆ ಅಂಗಳ ಬೋಳಾಗುತ್ತದಲ್ಲ, ಅದಕ್ಕೆ. ತೋಟಗಾರ್ತಿ ಗರ್ಟ್ರೂಡ್ ಜೀಕಲ್ 1907ರಲ್ಲಿ ಮನೆಯೊಳಗಿನ ಹೂವಿನ ಅಲಂಕಾರದ ಬಗ್ಗೆಯೇ ಒಂದು ಪುಸ್ತಕ ಬರೆದಳು.

ಚಳಿನಾಡಿನ ತೋಟಗಾರಿಕೆ ಎಂದರೆ ಚಳಿಯಿಂದ ಗಿಡ ಕಾಪಾಡುವ ಕೆಲಸ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಅದು ಅರ್ಧ ಸತ್ಯ. ಹೂದಾನಿಗೆ ಅತ್ಯುತ್ತಮ ಎನಿಸಿಕೊಂಡ ಹೂಗಳಲ್ಲಿ ಹಲವು ಚಳಿ ಬೀಳದಿದ್ದರೆ ಅರಳುವುದೇ ಇಲ್ಲ. ಹಾಗಾಗಿ ಇಲ್ಲಿನ ತೋಟಗಾರ ಮೊದಲು ತಿಳಿಯಬೇಕಾದದ್ದು ಯಾವ ಗಿಡವನ್ನು ಚಳಿಗೆ ಬಿಡಬೇಕು, ಯಾವುದನ್ನು ಅಗೆದು ಒಳಗೆ ತರಬೇಕು, ಯಾವುದನ್ನು ಎರಡು ಚಳಿಗಳ ನಡುವಿನ ಸಂದಿಯಲ್ಲಿ ಬೆಳೆದು ಮುಗಿಸಬೇಕು ಎಂಬುದನ್ನು.

ವಲಯ ಮತ್ತು ಋತು

ಅಮೆರಿಕದ ಕೃಷಿ ಇಲಾಖೆ 1960ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದ ಚಳಿ ವಲಯಗಳ ನಕ್ಷೆ ಈ ಲೆಕ್ಕಕ್ಕೆ ಆಧಾರ. ಒಂದೊಂದು ಸ್ಥಳದಲ್ಲೂ ವರ್ಷದ ಅತಿ ಚಳಿಯ ರಾತ್ರಿ ಪಾದರಸ ಎಷ್ಟಕ್ಕೆ ಇಳಿಯುತ್ತದೆಂಬುದರ ಸರಾಸರಿ ಹಿಡಿದು ದೇಶವನ್ನು ಈಗ 13 ವಲಯಗಳಾಗಿ ಮಾಡಿದ್ದಾರೆ. ಮಿನ್ನೆಸೋಟ, ವರ್ಮಾಂಟ್ ರಾಜ್ಯಗಳ ಬಹುಭಾಗ 3ರಿಂದ 5ನೆಯ ವಲಯಗಳಲ್ಲಿದೆ. 4ನೆಯ ವಲಯವೆಂದರೆ ಮೈನಸ್ 34ರಿಂದ ಮೈನಸ್ 29 ಡಿಗ್ರಿ ಸೆಲ್ಸಿಯಸ್. 2023ರ ಪರಿಷ್ಕೃತ ನಕ್ಷೆಯಲ್ಲಿ ದೇಶದ ಸುಮಾರು ಅರ್ಧ ಭಾಗ ಅರ್ಧ ವಲಯದಷ್ಟು ಬೆಚ್ಚಗಿನ ಕಡೆಗೆ ಸರಿದಿದೆ. ಗಿಡ ಚಳಿಗಾಲದಲ್ಲಿ ಬದುಕಿ ಉಳಿಯುವುದೇ ಎಂಬುದನ್ನಷ್ಟೇ ನಕ್ಷೆ ಹೇಳುತ್ತದೆ. ಬೇಸಿಗೆ ಎಷ್ಟು ದಿನ, ಬಿಸಿಲೆಷ್ಟು, ಹಿಮದ ಹೊದಿಕೆ ಎಷ್ಟು ದಪ್ಪ ಎಂಬುದು ಅದರಲ್ಲಿಲ್ಲ. ನರ್ಸರಿಯ ಚೀಟಿಯಲ್ಲಿರುವ ಅಂಕಿಯನ್ನೇ ನಂಬಿ ಗಿಡ ಕೊಳ್ಳುವವರು ಮೋಸಹೋಗುವುದು ಇಲ್ಲೇ.

ನಿತ್ಯದ ಕೆಲಸಕ್ಕೆ ಬೇಕಾದ ದಿನಾಂಕಗಳು ಎರಡು. ಒಂದು ವಸಂತದ ಕೊನೆಯ ಫ್ರಾಸ್ಟ್, ಇನ್ನೊಂದು ಶರತ್ಕಾಲದ ಮೊದಲ ಫ್ರಾಸ್ಟ್. ಅಂದರೆ ಇಬ್ಬನಿ ಹೆಪ್ಪುಗಟ್ಟಿ ಎಳೆ ಎಲೆಗಳನ್ನು ಸುಡುವ ರಾತ್ರಿಗಳು. ಮಿನ್ನೆಸೋಟದ ಮಿನ್ನಿಯಾಪೊಲಿಸ್ ಸುತ್ತ ಇವುಗಳ ನಡುವೆ ಸಿಗುವುದು ಸುಮಾರು ಐದು ತಿಂಗಳು. ಉತ್ತರಕ್ಕೆ ಹೋದಷ್ಟೂ ಕಡಿಮೆ. ಜರ್ಮನಿಯ ಹಳ್ಳಿಗರು ಮೇ 11ರಿಂದ 15ರವರೆಗಿನ ದಿನಗಳನ್ನು ಹಿಮಸಂತರ ದಿನಗಳೆಂದು ಕರೆದು, ಕೊನೆಯ ಸಂತ ಸೋಫಿಯಾಳ ದಿನ ಕಳೆಯುವವರೆಗೆ ನಾಜೂಕು ಸಸಿಗಳನ್ನು ಹೊರಗೆ ನೆಡುತ್ತಿರಲಿಲ್ಲ. ನಮ್ಮ ರೈತರ ಮಳೆ ನಕ್ಷತ್ರಗಳ ಲೆಕ್ಕದಂಥದ್ದೇ ಇದು, ಈಗಲೂ ಅನೇಕರು ಪಾಲಿಸುತ್ತಾರೆ. ಋತು ಚಿಕ್ಕದಾದರೂ ಹಗಲು ಉದ್ದ. ಜೂನ್ ಕೊನೆಗೆ ಮಿನ್ನಿಯಾಪೊಲಿಸ್‌ನಲ್ಲಿ ಹದಿನೈದೂವರೆ ಗಂಟೆ ಬೆಳಕಿದ್ದರೆ ಬೆಂಗಳೂರಿನ ಅತಿ ದೀರ್ಘ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಗಿಡಗಳು ಅಲ್ಲಿ ಎದ್ದುಬಿದ್ದು ಬೆಳೆಯುತ್ತವೆ.

ಚಳಿ ಬೇಕೆನ್ನುವ ಹೂಗಳು

ಪಿಯೋನಿ ಇವುಗಳಲ್ಲಿ ಮೊದಲನೆಯದು. ಚೀನಾ, ಸೈಬೀರಿಯಾ ಮೂಲದ ಈ ಬಹುವಾರ್ಷಿಕ ಗಿಡ ಚಳಿಗಾಲದಲ್ಲಿ ನೆಲದ ಮೇಲೆ ಪೂರ್ತಿ ಒಣಗಿಹೋಗುತ್ತದೆ. ಬೇರಿನ ನೆತ್ತಿಯಲ್ಲಿರುವ ಕೆಂಪು ಕಣ್ಣುಗಳಿಗೆ ಹಲವು ವಾರ ಚಳಿ ತಗುಲಿದ ಮೇಲೆಯೇ ವಸಂತದಲ್ಲಿ ಮೊಗ್ಗು ಬರುತ್ತದೆ. ನೆಡುವುದು ಶರತ್ಕಾಲದಲ್ಲಿ, ಕಣ್ಣುಗಳು ಮಣ್ಣಿನಿಂದ 5 ಸೆಂಟಿಮೀಟರಿಗಿಂತ ಕೆಳಗಿರದಂತೆ. ಆಳಕ್ಕಿಳಿದರೆ ಸೊಂಪಾಗಿ ಎಲೆ ಬರುತ್ತದೆ, ಹೂ ಬರುವುದಿಲ್ಲ. ಪಿಯೋನಿಯ ಬಗ್ಗೆ ಕೇಳಿಬರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇದೇ. ಮೊದಲ ಎರಡು ವರ್ಷ ಹೂ ಕೊಯ್ಯದೆ ಗಿಡ ಬಲಿಯಲು ಬಿಡಬೇಕು. ಆಮೇಲೂ ಒಂದು ಗಿಡದಿಂದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ದಂಟು ತೆಗೆಯಬಾರದು, ತೆಗೆದ ದಂಟಿನ ಬುಡದಲ್ಲೂ ಎರಡು ಮೂರು ಎಲೆ ಉಳಿಸಬೇಕು. ಹೀಗೆ ನೋಡಿಕೊಂಡ ಗಿಡ ಅರ್ಧ ಶತಮಾನ ಬಾಳುತ್ತದೆ. 1906ರಲ್ಲಿ ಫ್ರಾನ್ಸಿನ ಲೆಮ್ವಾನ್ ನರ್ಸರಿ ಹೊರತಂದ ತಿಳಿಗುಲಾಬಿ ಬಣ್ಣದ ‘ಸಾರಾ ಬೆರ್ನಾರ್’ ತಳಿ ಇಂದಿಗೂ ಮಾರುಕಟ್ಟೆಯಲ್ಲಿ ಓಡುತ್ತಿದೆ.

ಪಿಯೋನಿ ಕೊಯ್ಯುವ ಹದವನ್ನು ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳುತ್ತದೆ. ಗಟ್ಟಿ ಗೋಲಿಯಂತಿರುವ ಮೊಗ್ಗು ಕತ್ತರಿಸಿದರೆ ಅರಳುವುದಿಲ್ಲ. ಬಣ್ಣ ಕಾಣಿಸಿ, ಎರಡು ಬೆರಳಲ್ಲಿ ಒತ್ತಿದಾಗ ಮೆತ್ತಗೆ ತಗ್ಗಿದರೆ ಸರಿ. ಈ ಹದದಲ್ಲಿ ಕೊಯ್ದು, ಎಲೆ ತೆಗೆದು, ಕಾಗದದಲ್ಲಿ ಸುತ್ತಿ ನೀರಿಲ್ಲದೆಯೇ ಫ್ರಿಜ್ಜಿನಲ್ಲಿ ಮಲಗಿಸಿದರೆ ಎರಡು ಮೂರು ವಾರ ಇರುತ್ತದೆ. ಹೊರತೆಗೆದು ದಂಟಿನ ತುದಿ ಹೊಸದಾಗಿ ಕತ್ತರಿಸಿ ನೀರಿಗಿಟ್ಟರೆ ಅರಳುತ್ತದೆ. ಮೊಗ್ಗಿನ ಮೇಲೆ ಓಡಾಡುವ ಇರುವೆಗಳು ಅದನ್ನು ಅರಳಿಸುತ್ತವೆ ಎಂಬುದು ಕಟ್ಟುಕಥೆ. ಮೊಗ್ಗಿನ ಹೊರಗೆ ಒಸರುವ ಸಿಹಿಗೆ ಅವು ಬರುತ್ತವೆ, ಅಷ್ಟೆ.

ಚಳಿಯೇ ಬಂಡವಾಳವಾದದ್ದನ್ನು ನೋಡಬೇಕಾದರೆ ಅಲಾಸ್ಕಕ್ಕೆ ಹೋಗಬೇಕು. ಬೇರೆಡೆ ಪಿಯೋನಿ ಮೇ, ಜೂನ್‌ನಲ್ಲಿ ಮುಗಿದರೆ ಅಲ್ಲಿ ಜುಲೈನಿಂದ ಸೆಪ್ಟೆಂಬರಿನವರೆಗೆ ಅರಳುತ್ತದೆ. ಅಲಾಸ್ಕ ವಿಶ್ವವಿದ್ಯಾಲಯದ ಪ್ಯಾಟ್ ಹಾಲೊವೇ ಫೇರ್‌ಬ್ಯಾಂಕ್ಸ್‌ನ ಜಾರ್ಜ್‌ಸನ್ ಸಸ್ಯೋದ್ಯಾನದಲ್ಲಿ 2001ರಲ್ಲಿ ಪ್ರಾಯೋಗಿಕವಾಗಿ ನೆಟ್ಟು ಇದನ್ನು ತೋರಿಸಿದ ಮೇಲೆ ಮದುವೆಯ ಋತುವಿನ ಮಾರುಕಟ್ಟೆಗೆ ಹೂ ಕಳಿಸುವ ತೋಟಗಳು ಅಲ್ಲಿ ಎದ್ದವು.

ಟ್ಯೂಲಿಪ್ ಗೆಡ್ಡೆಗೂ 12ರಿಂದ 16 ವಾರ ಚಳಿ ಬೇಕು. ಮಧ್ಯ ಏಷ್ಯಾದ ಬೆಟ್ಟಗಳಿಂದ ತುರ್ಕಿಯ ಅರಮನೆ ತೋಟಗಳ ಮೂಲಕ ಯೂರೋಪಿಗೆ ಬಂದು, 16ನೆಯ ಶತಮಾನದ ಕೊನೆಯಲ್ಲಿ ಲೈಡನ್ ವಿಶ್ವವಿದ್ಯಾಲಯದ ತೋಟದಲ್ಲಿ ಕರೋಲಸ್ ಕ್ಲೂಸಿಯಸ್‌ನ ಕೈಯಲ್ಲಿ ಬೇರೂರಿದ ಹೂವಿದು. ಹೂದಾನಿಗೆ ಬೆಳೆಯುವವರು ಅಕ್ಟೋಬರಿನಲ್ಲಿ ಅಗಲ ಗುಣಿ ತೋಡಿ, ಗೆಡ್ಡೆಗಳನ್ನು ಒಂದಕ್ಕೊಂದು ತಾಗುವಷ್ಟು ಒತ್ತಾಗಿ ಜೋಡಿಸಿ ಮುಚ್ಚುತ್ತಾರೆ. ಮೊಗ್ಗಿಗೆ ಬಣ್ಣ ಬಂದೊಡನೆ ಕತ್ತರಿಸುವುದಿಲ್ಲ, ಗೆಡ್ಡೆ ಸಮೇತ ಕಿತ್ತೇಬಿಡುತ್ತಾರೆ. ಮಣ್ಣಿನೊಳಗಿದ್ದ ದಂಟೂ ಸೇರಿ ಉದ್ದ ಸಿಗುತ್ತದೆ. ಗೆಡ್ಡೆ ವ್ಯರ್ಥವಾಯಿತಲ್ಲ ಎಂದು ಮನಸ್ಸು ಹಿಂಜರಿಯುವುದು ಸಹಜ. ಆದರೆ ಎಲೆ ಸಮೇತ ಹೂ ಕೊಯ್ದ ಮೇಲೆ ಗೆಡ್ಡೆಗೆ ಆಹಾರ ಕೂಡಿಡಲು ಏನೂ ಉಳಿದಿರುವುದಿಲ್ಲ, ಮರುವರ್ಷದ ಹೂ ಬಡಕಲು. ಕಿತ್ತ ಮೇಲೂ ಟ್ಯೂಲಿಪ್‌ನ ದಂಟು ಹೂದಾನಿಯಲ್ಲಿ ಬೆಳೆಯುತ್ತಲೇ ಇದ್ದು ಬೆಳಕಿನ ಕಡೆಗೆ ಬಾಗುತ್ತದೆ.

ಹೈಡ್ರೇಂಜಿಯಾದ ವಿಷಯದಲ್ಲಿ ಜಾತಿ ನೋಡದೆ ಕೊಂಡರೆ ಕೆಟ್ಟಂತೆ. ಊಟಿ, ಮಡಿಕೇರಿಯ ಮನೆಗಳ ಮುಂದೆ ಕಾಣುವ ನೀಲಿ ಗೊಂಚಲಿನ ಜಾತಿ ಹಿಂದಿನ ವರ್ಷದ ರೆಂಬೆಯಲ್ಲಿ ಮೊಗ್ಗು ಕಟ್ಟುತ್ತದೆ. ಮಿನ್ನೆಸೋಟದ ಜನವರಿಯಲ್ಲಿ ಆ ಮೊಗ್ಗು ಸಾಯುತ್ತದೆ, ಬೇರು ಬದುಕಿದರೂ ಬೇಸಿಗೆಯಲ್ಲಿ ಬರಿಯ ಸೊಪ್ಪು. ‘ಲೈಮ್‌ಲೈಟ್’ ಸೇರಿರುವ ಪ್ಯಾನಿಕ್ಯುಲೇಟಾ ಜಾತಿ ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಅದಕ್ಕೆ 3ನೆಯ ವಲಯದ ಚಳಿಯೂ ಲೆಕ್ಕಕ್ಕಿಲ್ಲ.

ಇಂಥ ಗಿಡಗಳನ್ನು ಚಳಿಗಿಂತ ಹೆಚ್ಚಾಗಿ ಕಾಡುವುದು ಚಳಿಯ ಚಂಚಲತೆ. ಹೆಪ್ಪುಗಟ್ಟಿದ ಮಣ್ಣು ಕರಗಿ ಮತ್ತೆ ಹೆಪ್ಪುಗಟ್ಟುವಾಗ ಉಬ್ಬಿ, ಬೇರಿನ ನೆತ್ತಿಯನ್ನು ಮೇಲಕ್ಕೆ ಎತ್ತಿಹಾಕುತ್ತದೆ. ಹುಲ್ಲು, ತರಗೆಲೆಯ ಹೊದಿಕೆಯನ್ನು ನೆಲ ಹೆಪ್ಪುಗಟ್ಟಿದ ಮೇಲೆಯೇ ಹಾಸಬೇಕೆನ್ನುವುದು ಇದಕ್ಕೇ: ನೆಲವನ್ನು ಬೆಚ್ಚಗಿಡುವುದಲ್ಲ, ಒಂದೇ ಸಮನೆ ತಣ್ಣಗಿಡುವುದು ಅದರ ಕೆಲಸ. ಒಳಗೆ ಗಾಳಿ ಹಿಡಿದಿಡುವ ಹಿಮದ ಪದರ ಇದನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಹಿಮ ಬೀಳದ ಕಡು ಚಳಿಯ ವರ್ಷವೇ ತೋಟಕ್ಕೆ ಕೆಟ್ಟ ವರ್ಷ.

ಅಗೆದು ಒಳಗಿಡುವ ಹೂಗಳು

ಡೇಲಿಯಾ ಮೆಕ್ಸಿಕೋದ ಬೆಟ್ಟಗಾಡಿನ ಗಿಡ. 1963ರಿಂದ ಆ ದೇಶದ ರಾಷ್ಟ್ರೀಯ ಪುಷ್ಪ. ಗೆಡ್ಡೆಯ ತುಂಬ ನೀರಿರುವುದರಿಂದ ಹೆಪ್ಪುಗಟ್ಟಿದರೆ ಕೊಳೆತು ಮುದ್ದೆಯಾಗುತ್ತದೆ. ಮೊದಲ ಫ್ರಾಸ್ಟಿಗೆ ಎಲೆ ಕಪ್ಪಾದ ಮೇಲೆ ದಂಟನ್ನು ಗೇಣುದ್ದ ಉಳಿಸಿ ಕತ್ತರಿಸಿ, ಫೋರ್ಕಿನಿಂದ ದೂರದಿಂದಲೇ ಸಡಿಲಿಸಿ ಎತ್ತಬೇಕು. ಗೆಡ್ಡೆಯ ಕತ್ತು ಮುರಿದರೆ ಅದು ಸತ್ತ ಲೆಕ್ಕ, ಏಕೆಂದರೆ ಕಣ್ಣಿರುವುದು ಗೆಡ್ಡೆಯಲ್ಲಲ್ಲ, ಕತ್ತು ದಂಟಿಗೆ ಕೂಡುವ ಜಾಗದಲ್ಲಿ. ಎಷ್ಟೇ ದಪ್ಪವಿದ್ದರೂ ಕಣ್ಣಿಲ್ಲದ ಗೆಡ್ಡೆ ಚಿಗುರುವುದಿಲ್ಲ. ಮಣ್ಣು ತೊಳೆದು, ಒಣಗಿಸಿ, ವರ್ಮಿಕ್ಯುಲೈಟ್ ಅಥವಾ ಮರದ ಹೊಟ್ಟಿನಲ್ಲಿ ಹುದುಗಿಸಿ 4ರಿಂದ 10 ಡಿಗ್ರಿಯ ನೆಲಮಾಳಿಗೆಯಲ್ಲಿಡುತ್ತಾರೆ. ತಿಂಗಳಿಗೊಮ್ಮೆ ತೆರೆದು ನೋಡಿ, ಸುಕ್ಕುಗಟ್ಟಿದ್ದರೆ ನೀರು ಚಿಮುಕಿಸಬೇಕು, ಕೊಳೆತದ್ದನ್ನು ಆರಿಸಿ ಎಸೆಯಬೇಕು. ಮತ್ತೆ ನೆಡುವುದು ಮಣ್ಣು ಸುಮಾರು 15 ಡಿಗ್ರಿಗೆ ಬಂದ ಮೇಲೆ. ಗಿಡ ಒಂದಡಿ ಏರಿದಾಗ ನೆತ್ತಿಯ ಕುಡಿ ಚಿವುಟಿದರೆ ಕವಲೊಡೆದು ಉದ್ದ ದಂಟುಗಳು ಬರುತ್ತವೆ. ಡೇಲಿಯಾ ಕೊಯ್ದ ಮೇಲೆ ಮತ್ತಷ್ಟು ಅರಳುವುದಿಲ್ಲವಾದ್ದರಿಂದ ಮುಕ್ಕಾಲು ಭಾಗ ಅರಳಿದ ಮೇಲೆಯೇ ಕತ್ತರಿಸಬೇಕು. ಹೂದಾನಿಯಲ್ಲಿ ಬಾಳುವುದು ಐದಾರು ದಿನ. ಅಂಗಡಿಗಳಲ್ಲಿ ಡೇಲಿಯಾ ಅಪರೂಪವಾಗಿರುವುದಕ್ಕೂ ಮನೆತೋಟದವರು ಅದಕ್ಕಾಗಿ ಇಷ್ಟು ಪಾಡು ಪಡುವುದಕ್ಕೂ ಇದೇ ಕಾರಣ. ಗ್ಲಾಡಿಯೋಲಸ್ ಗೆಡ್ಡೆಗಳನ್ನೂ ಹೀಗೆಯೇ ಎತ್ತಿಡುತ್ತಾರೆ, ಅವುಗಳ ಗೋಳು ಇಷ್ಟಿಲ್ಲ.

ಒಂದೇ ಬೇಸಿಗೆಯ ಹೂಗಳು

ಸ್ನ್ಯಾಪ್‌ಡ್ರ್ಯಾಗನ್, ಲಾರ್ಕ್‌ಸ್ಪರ್, ಸ್ವೀಟ್ ಪೀ ಬೆಂಗಳೂರಿನ ಹೂ ಬೆಳೆಗಾರರಿಗೂ ಪರಿಚಿತ. ಇಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಟ್ಲು ಹಾಕಿ ಜನವರಿಯ ಹೊತ್ತಿಗೆ ಹೂ ನೋಡುತ್ತೇವೆ. ಮಿನ್ನೆಸೋಟದಲ್ಲಿ ಅದೇ ಗಿಡಗಳು ಹಿಮ ಕರಗಿದೊಡನೆ ನೆಲಕ್ಕಿಳಿದು ಜೂನ್, ಜುಲೈನಲ್ಲಿ ಅರಳುತ್ತವೆ. ಲಾರ್ಕ್‌ಸ್ಪರ್ ಬೀಜ ತಣ್ಣನೆಯ ಮಣ್ಣಿನಲ್ಲೇ ಮೊಳೆಯುವುದರಿಂದ ಮಾರ್ಚಿನಲ್ಲಿ ಹಿಮದ ಮೇಲೆಯೇ ಚೆಲ್ಲುವವರಿದ್ದಾರೆ. ಜಿನಿಯಾ, ಕಾಸ್ಮೋಸ್, ಕೋಳಿಜುಟ್ಟು, ಸೂರ್ಯಕಾಂತಿಗಳಿಗೆ ಈ ಆಟ ನಡೆಯುವುದಿಲ್ಲ, ಕೊನೆಯ ಫ್ರಾಸ್ಟ್ ಕಳೆಯಲೇಬೇಕು. ಅಲ್ಲಿಯವರೆಗೆ ಕಾಯದೆ, ನಾಲ್ಕರಿಂದ ಎಂಟು ವಾರ ಮುಂಚೆ ಮನೆಯೊಳಗೆ ದೀಪದ ಕೆಳಗೆ ಸಸಿ ಎಬ್ಬಿಸುತ್ತಾರೆ. ನಿಧಾನಿ ಲಿಸಿಯಾಂಥಸ್‌ಗೆ ಜನವರಿಯಲ್ಲೇ ಬೀಜ ಹಾಕಬೇಕು. ಒಳಗೆ ಬೆಳೆದ ಸಸಿಯನ್ನು ಒಂದು ವಾರ ದಿನಕ್ಕಿಷ್ಟು ಹೊತ್ತೆಂದು ಹೊರಗಿಟ್ಟು ಗಾಳಿ ಬಿಸಿಲಿಗೆ ಒಗ್ಗಿಸದಿದ್ದರೆ ಎಲೆ ಬಿಳಿಚಿಕೊಂಡು ಸುಡುತ್ತದೆ. ಒಂದೇ ದಂಟಿನ ಸೂರ್ಯಕಾಂತಿಯನ್ನು ಹತ್ತು ದಿನಕ್ಕೊಂದು ಸಾಲಿನಂತೆ ಬಿತ್ತುವುದು ವಾಡಿಕೆ, ಇಲ್ಲವಾದರೆ ಎಲ್ಲವೂ ಒಂದೇ ವಾರದಲ್ಲಿ ಅರಳಿ ಮುಗಿಯುತ್ತವೆ.

ಕನ್ನಡಿಗರ ನೆಚ್ಚಿನ ಸೇವಂತಿಗೆಗೆ ಚಳಿನಾಡಿನಲ್ಲಿ ಬೇರೆಯೇ ತೊಡಕು. ಹಗಲು ಕುಗ್ಗತೊಡಗಿದ ಮೇಲೆಯೇ ಅದು ಮೊಗ್ಗು ಕಟ್ಟುತ್ತದೆ. ತಡವಾಗಿ ಅರಳುವ ತಳಿಗಳ ಮೊಗ್ಗು ಬಿರಿಯುವ ಮೊದಲೇ ಅಕ್ಟೋಬರಿನ ಚಳಿ ಬಂದೆರಗುತ್ತದೆ. ಬೇಗ ಹೂ ಬಿಡುವ, ಬೇರು ಚಳಿ ತಡೆಯುವ ತಳಿಗಳಿಗಾಗಿ ಮಿನ್ನೆಸೋಟ ವಿಶ್ವವಿದ್ಯಾಲಯ 1930ರ ದಶಕದಿಂದಲೂ ತಳಿ ಅಭಿವೃದ್ಧಿ ನಡೆಸಿದೆ. ಮಲ್ಲಿಗೆಗೆ ಅಂಥ ಉಪಾಯವಿಲ್ಲ, ಅದು ಕುಂಡದಲ್ಲೇ ಬೆಳೆದು ಚಳಿಗಾಲಕ್ಕೆ ಒಳಗಿನ ಕಿಟಕಿ ಸೇರಬೇಕು.

ಕೊಯ್ಲು ಮತ್ತು ಹೂದಾನಿ

ಕೊಯ್ಯುವುದು ಬೆಳಗಿನ ತಂಪಿನಲ್ಲಿ, ದಂಟಿನಲ್ಲಿ ನೀರು ತುಂಬಿರುವಾಗ. ಶುಚಿಯಾದ ಬಕೆಟ್ಟನ್ನು ಮಡಿಯ ಬಳಿಗೇ ಒಯ್ದು ಕತ್ತರಿಸಿದೊಡನೆ ನೀರಿಗಿಳಿಸಬೇಕು. ಜಿನಿಯಾ ಬಲಿತಿದೆಯೇ ಎಂದು ತಿಳಿಯಲು ಹೂವಿನಿಂದ ಒಂದು ಗೇಣು ಕೆಳಗೆ ದಂಟು ಹಿಡಿದು ಅಲುಗಿಸುತ್ತಾರೆ: ಕತ್ತು ತೂಗಾಡಿದರೆ ಇನ್ನೂ ಎಳಸು, ಕಡ್ಡಿಯಂತೆ ನೆಟ್ಟಗೆ ನಿಂತರೆ ಕೊಯ್ಯಬಹುದು. ಎಳಸು ಜಿನಿಯಾ ಸಂಜೆಯೊಳಗೆ ತಲೆಬಾಗಿಸುತ್ತದೆ, ಎಂಥ ಔಷಧಿಗೂ ಮೇಲೇಳುವುದಿಲ್ಲ. ಜಿನಿಯಾವನ್ನು ಫ್ರಿಜ್ಜಿನಲ್ಲಿಡುವುದೂ ತಪ್ಪು.

ಹೂದಾನಿಯಲ್ಲಿ ಹೂ ಸಾಯುವುದು ಹೆಚ್ಚಾಗಿ ಬಾಯಾರಿಕೆಯಿಂದ. ನೀರಿನಲ್ಲಿ ಮುಳುಗಿದ ಎಲೆ ಕೊಳೆತು, ಬ್ಯಾಕ್ಟೀರಿಯಾ ಬೆಳೆದು ದಂಟಿನ ನಾಳಗಳನ್ನು ಮುಚ್ಚುತ್ತದೆ. ನೀರಿನ ಮಟ್ಟದ ಕೆಳಗಿನ ಎಲೆ ತೆಗೆಯುವುದು, ಎರಡು ದಿನಕ್ಕೊಮ್ಮೆ ನೀರು ಬದಲಿಸಿ ತುದಿ ಕತ್ತರಿಸುವುದು ಇದಕ್ಕೇ. ಅಂಗಡಿಯ ಪುಡಿಯಲ್ಲಿರುವುದು ಆಹಾರಕ್ಕೆ ಸಕ್ಕರೆ, ನೀರು ಸುಲಭವಾಗಿ ಏರಲು ಹುಳಿ, ಸೂಕ್ಷ್ಮಜೀವಿ ತಡೆಯಲು ಒಂದು ರಾಸಾಯನಿಕ. ಬರಿಯ ಸಕ್ಕರೆ ಹಾಕಿದರೆ ಬ್ಯಾಕ್ಟೀರಿಯಾಕ್ಕೆ ಔತಣ. ಮಾಗುವ ಬಾಳೆ, ಸೇಬಿನಿಂದ ಹೊಮ್ಮುವ ಎಥಿಲೀನ್ ಅನಿಲಕ್ಕೆ ಸ್ವೀಟ್ ಪೀ, ಲಾರ್ಕ್‌ಸ್ಪರ್ ಎಸಳು ಉದುರಿಸುವುದರಿಂದ ಹೂದಾನಿಯನ್ನು ಹಣ್ಣಿನ ಬುಟ್ಟಿಯಿಂದ ದೂರವಿಡಬೇಕು. ಡ್ಯಾಫೊಡಿಲ್‌ನ ಲೋಳೆ ಟ್ಯೂಲಿಪ್‌ಗೆ ಕೇಡು. ಡ್ಯಾಫೊಡಿಲ್ ದಂಟುಗಳನ್ನು ಒಂದು ರಾತ್ರಿ ಬೇರೆ ನೀರಿನಲ್ಲಿ ನಿಲ್ಲಿಸಿ, ಮತ್ತೆ ತುದಿ ಕತ್ತರಿಸದೆ ಜೊತೆಗೂಡಿಸಬೇಕು.

ತೋಟ ಹಿಮದಡಿಯಲ್ಲಿರುವಾಗಲೂ ಹೂದಾನಿ ಖಾಲಿಯಿರಬೇಕಿಲ್ಲ. ಬೇಸಿಗೆಯಲ್ಲಿ ಕೊಯ್ದು ತಲೆಕೆಳಗಾಗಿ ನೇತುಹಾಕಿ ಒಣಗಿಸಿದ ಸ್ಟ್ಯಾಟಿಸ್, ಕಾಗದದಂಥ ಎಸಳಿನ ಸ್ಟ್ರಾಫ್ಲವರ್ ಇರುತ್ತವೆ. ಫೆಬ್ರವರಿಯ ಕೊನೆಗೆ ಫಾರ್ಸಿಥಿಯಾದ ಬೋಳು ರೆಂಬೆ ಕಡಿದು ತಂದು ನೀರಿನಲ್ಲಿಟ್ಟರೆ ಎರಡು ವಾರದ ಆಸುಪಾಸಿನಲ್ಲಿ ಹಳದಿ ಹೂ ಬಿಡುತ್ತದೆ. ಅದಕ್ಕೆ ಬೇಕಾದ ಚಳಿ ಅಷ್ಟರಲ್ಲಿ ಸಂದಾಯವಾಗಿರುತ್ತದೆ, ನವೆಂಬರಿನಲ್ಲಿ ಕಡಿದ ರೆಂಬೆ ಹೀಗೆ ಅರಳುವುದಿಲ್ಲ.

ಕೊನೆಗೆ ಕೆಲವು ಎಚ್ಚರಿಕೆಗಳು. ಜಿಂಕೆಗಳ ಕಾಟವಿರುವಲ್ಲಿ ಟ್ಯೂಲಿಪ್‌ಗೆ ಬಲೆ ಅಥವಾ ಬೇಲಿ ಇಲ್ಲದೆ ಗತಿಯಿಲ್ಲ. ಡ್ಯಾಫೊಡಿಲ್, ಪಿಯೋನಿಗಳನ್ನು ಅವು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಲಿಲ್ಲಿ ಕೊಯ್ಯುವಾಗ ಮುಂದಿನ ವರ್ಷದ ಗೆಡ್ಡೆಗಾಗಿ ಕನಿಷ್ಠ ಮೂರನೆಯ ಒಂದು ಭಾಗ ದಂಟು, ಎಲೆ ಬಿಡಬೇಕು, ಬಟ್ಟೆಗೆ ಕಲೆ ಹತ್ತಿಸುವ ಪರಾಗದ ಚೀಲಗಳನ್ನು ಅರಳಿದೊಡನೆ ಕಿತ್ತುಹಾಕಬೇಕು. ಲಿಲ್ಲಿಯ ಎಲೆ, ಎಸಳು, ಪರಾಗ, ಹೂದಾನಿಯ ನೀರು ಸಹ ಬೆಕ್ಕಿನ ಮೂತ್ರಪಿಂಡ ಕೆಡಿಸಿ ಕೊಲ್ಲಬಲ್ಲವು. ಬೆಕ್ಕು ಸಾಕಿದವರು ಆ ಗೆಡ್ಡೆಯನ್ನು ಕೊಳ್ಳದಿರುವುದೇ ಸರಿ.