ನಕಲಿನ ಮೂಲಕ ತೈಲಭಾವಚಿತ್ರ ಕಲಿಕೆ (ಮೈಸೂರು)

ಹೆಸರಾಂತ ಕೃತಿಯನ್ನು ಎದುರಿಗಿಟ್ಟುಕೊಂಡು ಅದರಂತೆಯೇ ಬರೆದು ಎಣ್ಣೆಬಣ್ಣದ ಭಾವಚಿತ್ರ ಕಲಿಯುವ ಕ್ರಮ ಯುರೋಪಿನದು. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯ ಇಂದಿಗೂ ನಕಲುಗಾರರಿಗೆ ಪರವಾನಗಿ ಕೊಡುತ್ತದೆ. ದಕ್ಷಿಣ ಭಾರತದಲ್ಲಿ ತೈಲಚಿತ್ರಕ್ಕೆ ಆಶ್ರಯ ಸಿಕ್ಕಿದ್ದು ಅರಮನೆಗಳಲ್ಲಿ. 1868ರಲ್ಲಿ ತಿರುವಾಂಕೂರಿಗೆ ಬಂದ ಚಿತ್ರಕಾರ ಥಿಯೊಡೋರ್ ಜೆನ್ಸನ್ ಕುಂಚ ಆಡಿಸುವುದನ್ನು ನೋಡನೋಡುತ್ತಲೇ ರಾಜಾ ರವಿವರ್ಮ (1848–1906) ಈ ಮಾಧ್ಯಮ ಕಲಿತರು. 1904–05ರಲ್ಲಿ ಅವರು ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಪೌರಾಣಿಕ ಚಿತ್ರಗಳನ್ನು ಬರೆದರು. ಅಲ್ಲಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ 1915ರಲ್ಲಿ ತೆರೆಯಿತು.

ಅದಕ್ಕೂ ಮುಂಚೆ ಮನೆಮನೆಗೆ ತಲುಪಿದ್ದು 1894ರಲ್ಲಿ ಆರಂಭವಾದ ರವಿವರ್ಮ ಮುದ್ರಣಾಲಯದ ಅಚ್ಚುಚಿತ್ರಗಳು. ಅಚ್ಚಿನಿಂದ ರೂಪರೇಖೆ, ಸೀರೆಯ ನೆರಿಗೆ ಕಲಿಯಬಹುದು. ಬಣ್ಣದ ಪದರ ಕಲಿಯಲಾಗದು.

ದೊಡ್ಡ ಗೊಂದಲ ಇರುವುದು ಜಗನ್ಮೋಹನದ ಅತಿ ಜನಪ್ರಿಯ ಚಿತ್ರದ ಸುತ್ತ. ಕೈಯಲ್ಲಿ ದೀಪ ಹಿಡಿದು ನಿಂತ ಹೆಣ್ಣಿನ ‘ಗ್ಲೋ ಆಫ್ ಹೋಪ್’ ರವಿವರ್ಮರದೆಂದು ಕ್ಯಾಲೆಂಡರುಗಳಲ್ಲೂ ಬರಹಗಳಲ್ಲೂ ಮತ್ತೆ ಮತ್ತೆ ಅಚ್ಚಾಗಿದೆ. ಅದನ್ನು ಬರೆದವರು ಸಾವಂತವಾಡಿ ಮೂಲದ ಎಸ್. ಎಲ್. ಹಲ್ದಣ್ಕರ್. ರೂಪದರ್ಶಿ ಅವರ ಮಗಳು. ರಚನಾಕಾಲ 1945–46 ಎಂಬುದು ಪ್ರಚಲಿತ ಹೇಳಿಕೆ. ಆದರೆ ಆ ಮಗಳು 2018ರಲ್ಲಿ ತೀರಿಕೊಂಡಾಗ ಪತ್ರಿಕೆಗಳು ವಯಸ್ಸು 102 ಎಂದು ಬರೆದವು. ಎರಡೂ ನಿಜವಾದರೆ ಚಿತ್ರ ಬರೆದಾಗ ಆಕೆಗೆ ಮೂವತ್ತರ ಆಸುಪಾಸು. ಚಿತ್ರದಲ್ಲಿರುವುದು ಎಳೆಯ ಹುಡುಗಿ ಎಂದು ಹೇಳುವವರು ಈ ಲೆಕ್ಕಕ್ಕೆ ಉತ್ತರಿಸಬೇಕಾಗುತ್ತದೆ. 1945–46ನ್ನೇ ಒಪ್ಪಿದರೆ, ಆ ವೇಳೆಗೆ ರವಿವರ್ಮರು ತೀರಿಕೊಂಡು ಸುಮಾರು ನಾಲ್ಕು ದಶಕ.

ಕಲಿಯುವವರಿಗೆ ಇನ್ನೂ ಮುಖ್ಯವಾದ ಸಂಗತಿ, ಅದು ಜಲವರ್ಣ ಎಂಬುದು. ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ತಾಕದೆ ಉಳಿಸಿದ, ಇಲ್ಲವೇ ತೆಳುವಾಗಿ ತೊಳೆದ ಕಾಗದ. ತೈಲದಲ್ಲಿ ಸಾಮಾನ್ಯವಾಗಿ ಕತ್ತಲನ್ನು ಮೊದಲು ತೆಳುವಾಗಿ ಹಾಕಿ, ಬೆಳಕನ್ನು ಕೊನೆಗೆ ದಪ್ಪವಾಗಿ ಹಚ್ಚುತ್ತಾರೆ; ಮೇಲಿನ ಪದರದಲ್ಲಿ ಎಣ್ಣೆಯ ಅಂಶ ಹೆಚ್ಚಿರಬೇಕು, ಇಲ್ಲದಿದ್ದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ. ಚೌಕುಳಿ ಎಳೆದು ಈ ಚಿತ್ರವನ್ನು ಕ್ಯಾನ್ವಾಸಿಗೆ ಇಳಿಸುವವರು ಮುಖದ ಅಳತೆಯನ್ನೂ ದೀಪದ ಬೆಳಕು ಬೀಳುವ ಜಾಗವನ್ನೂ ಕಲಿತಾರು. ಪದರದ ಕ್ರಮವನ್ನು ಮಾತ್ರ ತಾವೇ ಕಂಡುಕೊಳ್ಳಬೇಕು, ಮೂಲದಲ್ಲಿ ಅದು ಇಲ್ಲವೇ ಇಲ್ಲ.

ಬೆಂಗಳೂರಿನಲ್ಲಿ ಎ. ಎನ್. ಸುಬ್ಬರಾವ್ ಅವರ ಕಲಾಮಂದಿರ (1919), ಧಾರವಾಡದಲ್ಲಿ ಡಿ. ವಿ. ಹಾಲಭಾವಿ ಅವರ ಕಲಾಶಾಲೆ, ಮುಂದೆ ಬೆಂಗಳೂರಿನಲ್ಲಿ ಆರ್. ಎಂ. ಹಡಪದ್ ಅವರ ಕೆನ್ ಕಲಾಶಾಲೆ ಚಿತ್ರಕಲಾ ಶಿಕ್ಷಣವನ್ನು ಅರಮನೆಯ ಹೊರಗೆ ಬೆಳೆಸಿದವು. ತೈಲವನ್ನು ನಕಲಿನಿಂದಲೇ ಕಲಿಯಬೇಕೆನ್ನುವವರಿಗೆ ಜಗನ್ಮೋಹನದಲ್ಲೇ ಇರುವ ರವಿವರ್ಮರ ಕ್ಯಾನ್ವಾಸುಗಳು ಹಲ್ದಣ್ಕರ್ ಕಾಗದಕ್ಕಿಂತ ಸರಿಯಾದ ಮಾದರಿ.