ಸೀಸ್ಮಿಕ್ ಮಾಹಿತಿಯಿಂದ ತೈಲಾಶಯದ ಅಂದಾಜು

ಕೃತಕ ಕಂಪನಗಳನ್ನು ನೆಲದೊಳಕ್ಕೆ ಕಳಿಸಿ, ಶಿಲಾಪದರಗಳಿಗೆ ತಾಗಿ ಮರಳುವ ಅಲೆಗಳಿಂದ ಕಲ್ಲಿನ ರಂಧ್ರಗಳಲ್ಲಿರುವುದು ನೀರೋ, ತೈಲವೋ, ಅನಿಲವೋ ಎಂದು ಬಾವಿ ಕೊರೆಯುವ ಮೊದಲೇ ಊಹಿಸುವ ವಿಧಾನ. ಮರಳುಗಲ್ಲಿನಲ್ಲಿ ನೀರಿನ ಜಾಗಕ್ಕೆ ಅನಿಲ ಬಂದರೆ ಒತ್ತುವ ಪಿ-ಅಲೆಯ ವೇಗ ಸಾಮಾನ್ಯವಾಗಿ ಚೆನ್ನಾಗಿಯೇ ಇಳಿಯುತ್ತದೆ; ಅಡ್ಡಲಾಗಿ ಅಲುಗಿಸುವ ಎಸ್-ಅಲೆಯದು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ದ್ರವ ಬದಲಾದಾಗ ಶಿಲೆಯ ಬಿಗಿತ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಫ್ರಿಟ್ಸ್ ಗಾಸ್‌ಮನ್ 1951ರಲ್ಲಿ ಪ್ರಕಟಿಸಿದ ಸಮೀಕರಣವೇ ಇಂದಿಗೂ ಆಧಾರ.

1970ರ ದಶಕದಲ್ಲಿ ಮೆಕ್ಸಿಕೊ ಕೊಲ್ಲಿಯ ಅನಿಲಪದರಗಳು ಸೀಸ್ಮಿಕ್ ಚಿತ್ರಗಳಲ್ಲಿ ಬಲವಾದ ಪ್ರತಿಫಲನದ 'ಬ್ರೈಟ್ ಸ್ಪಾಟ್'ಗಳಾಗಿ (ಹೊಳೆಯುವ ಕಲೆಗಳಾಗಿ) ಎದ್ದುಕಂಡವು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ರಂಧ್ರಗಳಲ್ಲಿ ಶೇಕಡ ಹತ್ತರಷ್ಟು ಅನಿಲವಿದ್ದರೂ ಸಾಕು, ತುಂಬಿದ ಪದರದಷ್ಟೇ ಹೊಳಪು ಬರಬಹುದು. ಅಂಥಲ್ಲಿ ಕೊರೆದ ಬಾವಿಯ ಅನಿಲ ಮಾತ್ರ ಕೊರೆದ ಖರ್ಚಿಗೂ ಸಾಲದು. ಅಲೆ ತಾಗುವ ಕೋನ ಹಿಗ್ಗಿದಂತೆ ಪ್ರತಿಫಲನದ ಬಲ ಬದಲಾಗುವ ಬಗೆಯಿಂದ ಅನಿಲದ ಮರಳುಗಲ್ಲನ್ನು ಗುರುತಿಸಬಹುದೆಂದು ಭೂಭೌತವಿಜ್ಞಾನಿ ಆಸ್ಟ್ರಾಂಡರ್ 1984ರಲ್ಲಿ ತೋರಿಸಿದರು. ಅದರಿಂದಲೂ ಈ ಅಲ್ಪ ಅನಿಲದ ಮೋಸ ಪೂರ್ತಿ ಬಗೆಹರಿಯಲಿಲ್ಲ.

ದ್ರವವನ್ನು ಹರಿಯಗೊಡುವ ಗುಣವಾದ ಪಾರಗಮ್ಯತೆಯ ಅಂದಾಜು ಇನ್ನೂ ತೊಡಕಿನದು. ಅಲೆಗಳಿಗೆ ಅದು ನೇರವಾಗಿ ಸಿಗುವುದಿಲ್ಲ. ಮೊದಲು ರಂಧ್ರತೆಯನ್ನು, ಎಂದರೆ ಕಲ್ಲಿನಲ್ಲಿ ರಂಧ್ರಗಳ ಪಾಲನ್ನು, ಅಂದಾಜಿಸಿ, ಬಾವಿಯಿಂದ ತೆಗೆದ ಕೋರ್ ಮಾದರಿಗಳ ಅಳತೆಗೆ ಅದನ್ನು ತಾಳೆ ಹಾಕಬೇಕು. ರಂಧ್ರತೆ ಒಂದೇ ಆಗಿದ್ದರೂ, ಸಣ್ಣ ಕಣಗಳ ನಡುವೆ ಜೇಡಿ ಸೇರಿದ ಕಲ್ಲಿನ ಪಾರಗಮ್ಯತೆ ದಪ್ಪ ಮರಳಿನ ಕಲ್ಲಿಗಿಂತ ನೂರು ಪಟ್ಟು ಕಡಿಮೆ ಇರಬಹುದು.