ಐಹೊಳೆಯ ಕಲ್ಲುಚಾವಣಿಯ ಸಂದುಗಳು

ಹುನಗುಂದ ತಾಲೂಕಿನ ಐಹೊಳೆಯಲ್ಲಿರುವ ಲಾಡಖಾನ ಗುಡಿಯ ಕಾಲನಿರ್ಣಯವು ವಿದ್ವಾಂಸರಲ್ಲಿ ಬಹುಕಾಲದಿಂದ ವಾದಗ್ರಸ್ತವಾಗಿರುವುದು. ಹೆನ್ರಿ ಕಸಿನ್ಸರು ೧೯೨೬ರಲ್ಲಿ ಪ್ರಕಟಿಸಿದ ಚಾಳುಕ್ಯ ವಾಸ್ತುಗ್ರಂಥದಲ್ಲಿ ಅದನ್ನು ಐದನೆಯ ಶತಮಾನದ ಮಧ್ಯಭಾಗಕ್ಕೆ ಸೇರಿಸಿದರು. ಪರ್ಸಿ ಬ್ರೌನರೂ ಆ ದಾರಿಯನ್ನೇ ಹಿಡಿದರು. ಈಚಿನ ಸಂಶೋಧಕರಾದರೋ ಅದು ಏಳನೆಯ ಶತಮಾನದ ಕೊನೆಯ ಇಲ್ಲವೆ ಎಂಟನೆಯದರ ಆದಿಯ ಕೃತಿಯೆನ್ನುತ್ತಾರೆ. ಹಿಂದಿನವರ ಪಕ್ಷಕ್ಕೆ ಆಧಾರಗಳಲ್ಲೊಂದು ಚಾವಣಿಯ ಕಟ್ಟಣೆ: ಮರಗೆಲಸದ ರೀತಿಯನ್ನು ಕಲ್ಲಿನಲ್ಲಿ ಅನುಕರಿಸಿರುವುದರಿಂದ ಇದು ಕಲ್ಲುಕೆಲಸದ ಬಾಲ್ಯಾವಸ್ಥೆಯದು ಎಂಬುದು ಅವರ ಊಹೆ. ಈ ಊಹೆಯು ಎಷ್ಟರಮಟ್ಟಿಗೆ ನಿಲ್ಲುವುದೆಂಬುದಷ್ಟೇ ಇಲ್ಲಿಯ ವಿಚಾರ.

ಮೊದಲು ವಸ್ತುಸ್ಥಿತಿ. ಚೌಕಾಕಾರದ ಮಂಟಪದ ನಡುಭಾಗವು ಎತ್ತರವಾಗಿದ್ದು, ಸುತ್ತಲಿನ ಅಂಕಣಗಳ ಮೇಲೆ ಕಲ್ಲಿನ ಚಪ್ಪಡಿಗಳು ಹೊರಕ್ಕೆ ಇಳಿಜಾರಾಗಿ ಹಾಸಲ್ಪಟ್ಟಿವೆ. ಎರಡು ಚಪ್ಪಡಿಗಳು ಕೂಡುವ ಸಂದಿನ ಮೇಲೆ ಉದ್ದವಾದ, ಕಿರಿದಾದ ಕಲ್ಲುಪಟ್ಟಿಯೊಂದನ್ನು ತೋಡಿನಲ್ಲಿ ಕೂಡಿಸಿ ಮುಚ್ಚಿದ್ದಾರೆ. ನೆಲದಿಂದ ನೋಡುವವನಿಗೆ ಸೀಳಿದ ಮರದ ದಿಮ್ಮಿಗಳನ್ನು ಸಾಲಾಗಿ ಇಟ್ಟಂತೆ ಕಾಣುವುದು. ಆಕಾರವು ಮರದಿಂದ ಬಂದುದೆಂಬುದರಲ್ಲಿ ನನಗೂ ಸಂದೇಹವಿಲ್ಲ. ಆದರೆ ಆಕಾರವು ಎಲ್ಲಿಂದ ಬಂತೆಂಬುದು ಒಂದು ಪ್ರಶ್ನೆ. ಅದನ್ನು ಏಕೆ ಉಳಿಸಿಕೊಂಡರೆಂಬುದು ಬೇರೊಂದು.

ಇದಕ್ಕೆ ಉತ್ತರವನ್ನು ಕಲ್ಲಿನ ಗುಣದಲ್ಲಿ ಹುಡುಕಬೇಕು. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಮರಳುಗಲ್ಲು ಪದರು ಪದರಾಗಿ ಶೇಖರವಾದುದು. ರಾಬರ್ಟ್ ಬ್ರೂಸ್ ಫೂಟರು ೧೮೭೬ರ ಭೂಗರ್ಭವರದಿಯಲ್ಲಿ ಈ ಸೀಮೆಯ ಶಿಲಾಸಮೂಹವನ್ನು ಕಲಾದಗಿಯ ಹೆಸರಿನಿಂದ ವಿವರಿಸಿದ್ದಾರೆ. ಪದರಿನ ಗುಂಟ ಬೆಣೆ ಹೊಡೆದರೆ ಹಲಗೆಯಂತೆ ಎದ್ದುಬರುವುದು ಈ ಕಲ್ಲಿನ ಗುಣ. ಇಳಕಲ್ಲಿನ ಕೆಂಪು ಕಣಶಿಲೆಗೆ ಈ ಸೌಲಭ್ಯವಿಲ್ಲ. ಅದು ಇದಕ್ಕಿಂತ ಬಹು ಕಠಿನ, ಬಹು ಪ್ರಾಚೀನ, ಮತ್ತು ಇಂದು ಲೋಕದ ಮಾರುಕಟ್ಟೆಗೆ ಹೋಗುವಂಥದು. ಚಾಳುಕ್ಯರ ಕಲ್ಲುಕುಟಿಗರು ಮರಳುಗಲ್ಲನ್ನು ಆರಿಸಿಕೊಂಡುದು ಅದು ಸಮೀಪದಲ್ಲಿತ್ತೆಂದು ಮಾತ್ರವಲ್ಲ, ಅವರ ಉಳಿಗೆ ಅದು ಒಗ್ಗುತ್ತಿತ್ತೆಂದು. ಉಳಿಯ ಮಾತು ಬಂದುದರಿಂದ ಒಂದು ಮಾತು: ಗುಡಿಯನ್ನು ಕಟ್ಟಿದವರಲ್ಲಿ ಕಮ್ಮಾರನನ್ನೂ ಎಣಿಸಬೇಕು. ಮೊಂಡಾದ ಉಳಿಯನ್ನು ಕುಲುಮೆಯಲ್ಲಿ ಕಾಸಿ, ಬಡಿದು, ನೀರೂಡಿಸಿ ಹದಗೊಳಿಸುವವನಿಲ್ಲದೆ ಕಣಿಯ ಕೆಲಸವು ಒಂದು ದಿನವೂ ಸಾಗದು. ಮೆತ್ತಗಿನ ಕಬ್ಬಿಣಕ್ಕೆ ಉಕ್ಕಿನ ಬಾಯನ್ನು ಕಾವಿನಲ್ಲೇ ಬೆಸೆಯುವುದು ಹಳೆಯ ಕಮ್ಮಾರಿಕೆಗೆ ತಿಳಿದಿದ್ದ ವಿದ್ಯೆ.

ಇಂತಹ ಚಪ್ಪಡಿಗೆ ಒತ್ತಡವನ್ನು ತಾಳುವ ಶಕ್ತಿ ಹೆಚ್ಚು, ಎಳೆತವನ್ನು ತಾಳುವ ಶಕ್ತಿ ಬಹಳ ಕಡಮೆ. ಬಿಸಿಲಿಗೆ ಅದು ಹಿಗ್ಗುವುದು, ರಾತ್ರಿ ಕುಗ್ಗುವುದು. ಮೂರು ಮೀಟರು ಉದ್ದದ ಮರಳುಗಲ್ಲು ಮೂವತ್ತು ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದರೆ ಸುಮಾರು ಒಂದು ಮಿಲಿಮೀಟರು ಬೆಳೆಯುವುದು. ಇದು ಅಲ್ಪವೆಂದು ತೋರಬಹುದು. ಆದರೆ ಚಪ್ಪಡಿಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿದ್ದರೆ, ಪ್ರತಿದಿನವೂ ಮರುಕಳಿಸುವ ಈ ಚಲನೆಯು ಸಂದನ್ನಾಗಲಿ ಕಲ್ಲನ್ನಾಗಲಿ ಬಿರಿಯಿಸದೆ ಬಿಡದು. ಐಹೊಳೆಯ ಸಂದು ಬಿಗಿದುದಲ್ಲ. ಪಟ್ಟಿಯು ತನ್ನ ಭಾರದಿಂದಲೇ ತೋಡಿನಲ್ಲಿ ಕುಳಿತಿದೆ. ಕೆಳಗಿನ ಚಪ್ಪಡಿಗಳು ಸ್ವಲ್ಪ ಸರಿದರೂ ಬಾಯಿ ಮುಚ್ಚಿಯೇ ಇರುವುದು, ನೀರು ಪಟ್ಟಿಯ ಇಕ್ಕೆಲದಲ್ಲಿ ಇಳಿದು ಹೋಗುವುದು.

ಯಂತ್ರಶಿಲ್ಪವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ವಿದ್ಯುತ್ತಿನ ಬೆಸುಗೆಯು ಬಳಕೆಗೆ ಬರುವ ಮೊದಲು ಉಗಿಪಾತ್ರೆಗಳ ಕಬ್ಬಿಣದ ತಗಡುಗಳನ್ನು ಅಂಚಿಗೆ ಅಂಚು ತಾಗಿಸಿ, ಸಂದಿನ ಮೇಲೆ ಪಟ್ಟಿಯನ್ನಿಟ್ಟು, ಮೊಳೆಗಳಿಂದ ಬಿಗಿಯುತ್ತಿದ್ದರು. ಅಲ್ಲಿ ಒಳಗಿನ ಒತ್ತಡವನ್ನು ತಡೆಯಬೇಕಾದುದರಿಂದ ಪಟ್ಟಿಯನ್ನು ಬಿಗಿಯಲೇಬೇಕು; ಇಲ್ಲಿ ಮಳೆಯನ್ನು ಮಾತ್ರ ತಡೆಯಬೇಕಾದುದರಿಂದ ಬಿಡುವುದೇ ಲೇಸು. ಯಾವ ಸಂದು ಬಿಗಿಯಬೇಕಾದುದು, ಯಾವುದು ಸಡಿಲವಿರಬೇಕಾದುದು ಎಂಬ ವಿವೇಚನೆಯು ಇಂದಿಗೂ ಯಂತ್ರಶಿಲ್ಪಿಯ ಮುಖ್ಯ ಕಾರ್ಯವಾಗಿದೆ. ಇದೇ ಸೀಮೆಯ ನೇಕಾರರೂ ಇಂತಹ ಪ್ರಶ್ನೆಯನ್ನು ಬಿಡಿಸಿದವರೇ: ಇಳಕಲ್ ಸೀರೆಯಲ್ಲಿ ಒಡಲಿನ ಹತ್ತಿಯ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಗಂಟಿಕ್ಕದೆ, ತೋಪ ತೆನಿ ಎಂಬ ಕ್ರಮದಿಂದ ಕುಣಿಕೆಗೆ ಕುಣಿಕೆ ಸೇರಿಸಿ ಕೂಡಿಸುತ್ತಾರೆ. ಭಿನ್ನಗುಣದ ಎರಡು ವಸ್ತುಗಳ ಸಂಧಿಯದು. ಗುಡಿಗೂ ಮಗ್ಗಕ್ಕೂ ಸಂಬಂಧವನ್ನು ನಾನು ಹೇಳುತ್ತಿಲ್ಲ.

ಇನ್ನು ಕಾಲದ ವಿಚಾರ. ಕಲ್ಲುಪಟ್ಟಿಯ ಸಂದು ಪ್ರಾಚೀನತೆಯ ಗುರುತೇ ಆಗಿದ್ದರೆ ಅದು ಬೇಗನೆ ಅಳಿದುಹೋಗಬೇಕಿತ್ತು. ಹಾಗಾಗಿಲ್ಲ. ನೆರೆಯ ಗೌಡರಗುಡಿಯಲ್ಲಿಯೂ ಅದೇ ಕ್ರಮವುಂಟು. ಗಜಪೃಷ್ಠಾಕಾರದ ದುರ್ಗಗುಡಿಯ ಇಳಿಚಾವಣಿಯಲ್ಲಿಯೂ ಅದೇ ಉಂಟು. ಆ ಗುಡಿಯ ಹೆಬ್ಬಾಗಿಲಲ್ಲಿಯೋ ೭೩೩ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ವಿಕ್ರಮಾದಿತ್ಯನ ಕಾಲದ ಶಾಸನವಿದೆ. ರವಿಕೀರ್ತಿಯು ಶಕ ೫೫೬ರಲ್ಲಿ, ಎಂದರೆ ಕ್ರಿ. ಶ. ೬೩೪-೩೫ರಲ್ಲಿ, ಕಟ್ಟಿಸಿದ ಮೇಗುತಿಯ ಜಿನಾಲಯವು ಅದೇ ಊರಿನ ಗುಡ್ಡದ ಮೇಲೆ ಸುಸಂಸ್ಕೃತವಾದ ಕಲ್ಲುಗೆಲಸವಾಗಿ ನಿಂತಿದೆ. ಹೀಗಿರಲು ಪ್ರೌಢಶಿಲ್ಪವನ್ನು ಬಲ್ಲವರೇ ಈ ಸಂದನ್ನು ಉಳಿಸಿಕೊಂಡು ಬಂದರೆಂದು ಹೇಳಬೇಕಾಗುವುದು. ಬಾಲ್ಯಾವಸ್ಥೆಯ ವಾದಕ್ಕೆ ಇಲ್ಲಿ ಎಡೆಯಿಲ್ಲ. ಲಾಡಖಾನ ಗುಡಿಯ ಕಾಲವನ್ನು ಶಾಸನದ ಲಿಪಿ, ಕಂಬಗಳ ಶೈಲಿ, ವಿಗ್ರಹಗಳ ರೂಪ ಇವುಗಳಿಂದ ನಿರ್ಣಯಿಸಬೇಕೇ ಹೊರತು ಚಾವಣಿಯಿಂದಲ್ಲ.

ಜೀರ್ಣೋದ್ಧಾರದ ಕೆಲಸದಲ್ಲಿಯೂ ಈ ಭೇದಕ್ಕೆ ಬೆಲೆಯುಂಟು. ಇಂತಹ ಸಂದಿಗೆ ಗಟ್ಟಿಯಾದ ಸಿಮೆಂಟನ್ನು ತುಂಬಿದರೆ ಅದು ಬಿಗಿದ ಸಂದಾಗುವುದು. ಮೆದುವಾದ ಸುಣ್ಣದ ಗಾರೆಯಾದರೆ ಕಲ್ಲಿನ ಚಲನೆಗೆ ಎಡೆಗೊಡುವುದು, ಒಡೆದರೂ ತಾನೇ ಒಡೆಯುವುದು.